ವೈದ್ಯನನ್ನೂ ನೋಡಿ ನಗಬಹುದೆ?

ಹುಚ್ಚನನ್ನು ರಂಗಕ್ಕೆ ತಂದು ಜನರನ್ನು ನಗಿಸುವುದು ಹೊಸ ಸಾಹಸವೇನಲ್ಲ. 7ನೆಯ ಶತಮಾನದ ಪಲ್ಲವ ದೊರೆ ಮಹೇಂದ್ರವರ್ಮನ ‘ಮತ್ತವಿಲಾಸ’ ಪ್ರಹಸನದಲ್ಲಿ ಕಾಪಾಲಿಕನೊಬ್ಬನು ತನ್ನ ಕಪಾಲಪಾತ್ರೆ ಕಾಣೆಯಾಯಿತೆಂದು ಬೌದ್ಧಭಿಕ್ಷುವಿನ ಮೇಲೆ ಬೀಳುತ್ತಾನೆ. ಇಬ್ಬರೂ ಬಹು ಶಾಸ್ತ್ರೋಕ್ತವಾಗಿ ಜಗಳವಾಡುತ್ತಾರೆ. ಪಾತ್ರೆಯಾದರೋ ಒಬ್ಬ ಹುಚ್ಚನ ಕೈಯಲ್ಲಿರುತ್ತದೆ! ‘ಭಗವದಜ್ಜುಕ’ವೆಂಬ ಪ್ರಹಸನ ಇನ್ನೂ ಸೊಗಸು. ಗಣಿಕೆಯ ದೇಹದಲ್ಲಿ ಯೋಗಿಯ ಆತ್ಮ ಸೇರಿಕೊಂಡಿದೆ. ಹಾವು ಕಚ್ಚಿದೆಯೆಂದು ಕರೆತಂದ ವೈದ್ಯನು ಪುಸ್ತಕ ಬಿಚ್ಚಿ ಶ್ಲೋಕವನ್ನು ಓದಿದರೆ, ರೋಗಿಯೇ ಅವನ ಲಿಂಗದೋಷವನ್ನು ತಿದ್ದುತ್ತಾಳೆ. ಇವಳನ್ನು ಕಚ್ಚಿದ ಸರ್ಪವು ವೈಯಾಕರಣನೇ ಇರಬೇಕೆಂದು ವೈದ್ಯನಿಗೆ ಸಂಶಯ. (ವ್ಯಾಕರಣ ಹೇಳಿಕೊಟ್ಟು ಹೊಟ್ಟೆ ಹೊರೆಯುವ ನನ್ನಂಥವರಿಗೆ ಈ ಸರ್ಪದ ಮೇಲೆ ವಿಶೇಷ ಮಮತೆ.) ಎರಡರಲ್ಲಿಯೂ ನಗೆಗೆ ಗುರಿಯಾಗುವವರು ‘ನಾವು ಬಲ್ಲೆವು’ ಎಂದು ಹೊರಟವರೇ ಹೊರತು ಬುದ್ಧಿ ಕೆಟ್ಟವರಲ್ಲ. ಈ ವಿವೇಕವನ್ನು ನಮ್ಮ ಚಲಚ್ಚಿತ್ರಗಳು ಕಲಿಯಲಿಲ್ಲವೆಂಬುದೇ ನನ್ನ ಆಕ್ಷೇಪ.

1991ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ವಾಟ್ ಅಬೌಟ್ ಬಾಬ್?’ ಎಂಬ ಚಿತ್ರ ಈ ಹಳೆಯ ಪ್ರಹಸನಗಳ ದೂರದ ದಾಯಾದಿ. ನಿರ್ದೇಶಕ ಫ್ರ್ಯಾಂಕ್ ಆಜ್. ಕಂಡದ್ದಕ್ಕೆಲ್ಲ ಅಂಜುವ ಬಾಬ್ ಎಂಬ ರೋಗಿಗೆ ಮನೋವೈದ್ಯ ಲಿಯೋ ತಾನು ಬರೆದ ಪುಸ್ತಕವನ್ನೇ ಔಷಧವೆಂಬಂತೆ ಕೊಟ್ಟು, ರಜೆ ಕಳೆಯಲು ಸರೋವರದ ದಡದ ಮನೆಗೆ ಹೊರಡುತ್ತಾನೆ. ಸಾಕಿದ ಮೀನನ್ನು ಸೀಸೆಯಲ್ಲಿಟ್ಟು ಕೊರಳಿಗೆ ತೂಗುಹಾಕಿಕೊಂಡು ರೋಗಿಯೂ ಅಲ್ಲಿಗೆ ಹಿಂಬಾಲಿಸುತ್ತಾನೆ. ವೈದ್ಯನ ಹೆಂಡತಿ ಮಕ್ಕಳಿಗೆ ಅವನು ಅಚ್ಚುಮೆಚ್ಚಾಗುತ್ತಾನೆ. ನೀರಿಗೆ ಧುಮುಕಲು ಹೆದರುತ್ತಿದ್ದ ಹುಡುಗ, ತಂದೆ ಹೇಳಿಕೊಟ್ಟಾಗ ಕಲಿಯದೆ ಬಾಬ್‌ನ ಒಡನಾಟದಲ್ಲಿ ಧುಮುಕುತ್ತಾನೆ. ದಿನದಿನಕ್ಕೆ ರೋಗಿ ಚೇತರಿಸಿಕೊಂಡಂತೆ ವೈದ್ಯ ಕೆಡುತ್ತಾನೆ. ಕಡೆಗೆ ರೋಗಿಯ ಮೈಗೆ ಸಿಡಿಮದ್ದು ಕಟ್ಟುವ ತನಕ ಹೋಗುತ್ತಾನೆ. ರೋಗಿಯಾದರೋ ಇದೂ ಒಂದು ಚಿಕಿತ್ಸೆಯೆಂದೇ ಭಾವಿಸಿ ಕೃತಜ್ಞನಾಗುತ್ತಾನೆ! ಇಂಥದನ್ನು ಕರಾಳ ಹಾಸ್ಯವೆನ್ನಬೇಕು. ನಗುತ್ತಿದ್ದ ಬಾಯಿ ಒಮ್ಮೆಗೇ ಒಣಗುತ್ತದೆ.

ಚಿತ್ರದಲ್ಲಿ ಊನಗಳಿಲ್ಲದೆ ಇಲ್ಲ. ಬಾಬ್‌ನ ವ್ಯಾಧಿ ಬರಬರುತ್ತ ಮಗುವಿನ ತುಂಟತನವಾಗಿಬಿಡುತ್ತದೆ. ಅಂಥವನೊಡನೆ ವರ್ಷಗಟ್ಟಲೆ ಬಾಳುವ ಮನೆಯವರ ಬವಣೆ ಅಲ್ಲಿ ಸುಳಿಯುವುದೇ ಇಲ್ಲ. ಆದರೆ ಮೇಜಿನ ಆಚೆ ಕುಳಿತವನಿಗೂ ಭಯ, ಜಂಭ, ಅಸೂಯೆಗಳುಂಟೆಂದು ಅದು ಕಾಣಿಸಿಕೊಟ್ಟಿತು.

ಸೋಜಿಗವೆಂದರೆ, ಹೆಚ್ಚು ಕಡಿಮೆ ಇದೇ ಕಥಾಬೀಜ ಅದಕ್ಕಿಂತ 9 ವರ್ಷ ಮೊದಲೇ ಕನ್ನಡದಲ್ಲಿ ಮೊಳೆತಿತ್ತು. ಪುಟ್ಟಣ್ಣ ಕಣಗಾಲರ ‘ಮಾನಸ ಸರೋವರ’ (1982) ಚಿತ್ರದಲ್ಲಿ ಮನೋವೈದ್ಯನೊಬ್ಬ ಬುದ್ಧಿಭ್ರಮಣೆಯಾದ ತರುಣಿಯನ್ನು ಗುಣಪಡಿಸುತ್ತಾನೆ, ಅವಳಿಗೆ ಮನಸೋಲುತ್ತಾನೆ. ಅವಳು ಬೇರೊಬ್ಬನನ್ನು ಒಲಿದಾಗ ತಾನೇ ಹುಚ್ಚನಾಗುತ್ತಾನೆ. ಶ್ರೀನಾಥ್ ಆ ವೈದ್ಯನಾಗಿ, ಪದ್ಮಾವಾಸಂತಿ ಆ ತರುಣಿಯಾಗಿ ಅಭಿನಯಿಸಿದ್ದಾರೆ. ಕಥೆ ಒಂದೇ ಬಗೆಯದು. ಅಲ್ಲಿ ನಗೆ, ಇಲ್ಲಿ ಕಣ್ಣೀರು. ಪುಟ್ಟಣ್ಣನವರ ಶಕ್ತಿಯನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ವೈದ್ಯ ಅಲ್ಲಿ ಭಗ್ನಪ್ರೇಮಿಯಾಗಿ ಕನಿಕರ ಗಳಿಸಿದನೇ ಹೊರತು ವೈದ್ಯನಾಗಿ ಎಡವಿದ್ದು ಎಲ್ಲಿ ಎಂಬ ಪ್ರಶ್ನೆ ಆ ಕಣ್ಣೀರಿನಲ್ಲಿ ಕರಗಿಹೋಯಿತು. ತನ್ನ ಮೇಲೆ ಭರವಸೆಯಿಟ್ಟ ರೋಗಿಯನ್ನು ತನ್ನ ಸ್ವತ್ತೆಂದು ಎಣಿಸಿದವನನ್ನು ಒಂದಿಷ್ಟು ನಗೆಯ ಬೆಳಕಿನಲ್ಲಿ ನಿಲ್ಲಿಸಬಹುದಿತ್ತು.

ಕಣ್ಣೀರಿಗೆ ಇನ್ನೊಂದು ದೋಷವಿದೆ. ಅದು ಬೇಗ ಆರುತ್ತದೆ. ತ್ರಿವೇಣಿಯವರ ಕಾದಂಬರಿಯನ್ನಾಧರಿಸಿದ ‘ಶರಪಂಜರ’ದ ಕಾವೇರಿ ಬಾಣಂತಿಯಾಗಿ ಬುದ್ಧಿ ಕೆಟ್ಟು, ಗುಣಹೊಂದಿ ಮನೆಗೆ ಮರಳಿದರೂ, ಮನೆಯವರ ಸಂಶಯದ ನೋಟವೇ ಅವಳನ್ನು ಮರಳಿ ಆಸ್ಪತ್ರೆಗೆ ದೂಡುತ್ತದೆ. ಅವಳಿಗಾಗಿ ಅಳದ ಕನ್ನಡಿಗರು ವಿರಳ. ಅತ್ತು ಬಂದವರೇ ‘ಇವನನ್ನು ನಿಮ್ಹಾನ್ಸಿಗೆ ಸೇರಿಸಬೇಕು’ ಎಂದು ಸ್ನೇಹಿತರನ್ನು ಮೂದಲಿಸುತ್ತಾರೆ. 1974ರಲ್ಲಿ ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯನ್ನೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಕೂಡಿಸಿ ರೂಪಿಸಿದ, ದೇಶವೇ ಗೌರವಿಸುವ ಸಂಸ್ಥೆಯ ಹೆಸರು ನಮ್ಮಲ್ಲಿ ಬೈಗುಳವಾಗಿದೆ! ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಯಿಂದ ಮಗನನ್ನೋ ಮಗಳನ್ನೋ ಅಲ್ಲಿಗೆ ಕರೆದೊಯ್ಯುವ ತಂದೆತಾಯಿ, ನೆರೆಯವರಿಗೆ ನೆಂಟರ ಮದುವೆಯ ನೆಪ ಹೇಳಿ ರೈಲು ಹತ್ತುತ್ತಾರೆ. ತರಗತಿಯಲ್ಲಿ ತಿಂಗಳುಗಟ್ಟಲೆ ತೆರವಾಗಿ ಉಳಿಯುವ ಜಾಗದ ಕಾರಣವನ್ನು ಅಧ್ಯಾಪಕರಿಗೂ ಯಾರೂ ಹೇಳುವುದಿಲ್ಲ.

ಆದ್ದರಿಂದ ‘ಇಂಥ ವಿಷಯದಲ್ಲಿ ನಗೆ ಸಲ್ಲದು’ ಎಂಬ ಹಿರಿಯರ ಮಾತನ್ನು ನಾನು ಒಪ್ಪಲಾರೆ. ನಗೆ ಈಗಾಗಲೇ ಬೀದಿಯಲ್ಲಿದೆ. ನಗುತ್ತಿರುವುದು ಯಾರನ್ನು ಎಂಬುದಷ್ಟೇ ಪ್ರಶ್ನೆ. ಯೋಗರಾಜ ಭಟ್ಟರ ‘ಮನಸಾರೆ’ (2009) ಹುಚ್ಚಾಸ್ಪತ್ರೆಯೊಳಗೆ ಪ್ರೀತಿಯನ್ನೂ ವಿನೋದವನ್ನೂ ತಂದಿತು. ಅದಕ್ಕಾಗಿ ಅಭಿನಂದನೆ ಸಲ್ಲಬೇಕು. ಆದರೂ ನಾಯಕ ತಪ್ಪಾಗಿ ಒಳಗೆ ಬಂದವನೆಂದು ಚಿತ್ರ ನಮಗೆ ಮೊದಲೇ ಅಭಯವಿತ್ತುಬಿಡುತ್ತದೆ. ನಿಜವಾಗಿಯೂ ಕಾಯಿಲೆಯಾದವನನ್ನು ನಾಯಕನನ್ನಾಗಿಸಿ, ಅವನೊಡನೆ ನಗುವ ಧೈರ್ಯ ಅದಕ್ಕೂ ಬರಲಿಲ್ಲ. ‘ಆಪ್ತಮಿತ್ರ’ದ (2004) ಮನೋವೈದ್ಯನಂತೂ ಎಲ್ಲವನ್ನೂ ಬಲ್ಲ ದೇವರೇ ಸರಿ.

ಕನ್ನಡಕ್ಕೆ ಆ ಧೈರ್ಯವೇ ಇಲ್ಲವೆಂದರೆ ಅನ್ಯಾಯವಾದೀತು. ನಮ್ಮ ಅಜ್ಜಂಪುರದ ಸೀತಾರಾಮರು ‘ಆನಂದ’ ಎಂಬ ಹೆಸರಿನಲ್ಲಿ ಬರೆದ ‘ನಾನು ಕೊಂದ ಹುಡುಗಿ’ ಕಥೆಯನ್ನು ಸಾಹಿತ್ಯದ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಹಳ್ಳಿಗೆ ಅತಿಥಿಯಾಗಿ ಬಂದ ವಿದ್ಯಾವಂತನೊಬ್ಬ ಬಸವಿಯಾದ ಹುಡುಗಿಗೆ ಸದುದ್ದೇಶದಿಂದಲೇ ತಿಳಿವಳಿಕೆ ಹೇಳುತ್ತಾನೆ. ಅವಳು ಪ್ರಾಣ ಕಳೆದುಕೊಳ್ಳುತ್ತಾಳೆ. ಅವನು ಮನೋವೈದ್ಯನಲ್ಲ ನಿಜ. ಆದರೆ ಮಾತಿನಿಂದಲೇ ಗುಣಪಡಿಸಹೊರಟವನು, ಎದುರಿಗಿದ್ದವಳು ಬದುಕಿದ್ದ ಲೋಕವನ್ನು ಅರಿಯದೆ ಮದ್ದು ಕೊಟ್ಟವನು. ಆನಂದರು ಅವನನ್ನು ಅವನ ಬಾಯಿಂದಲೇ ಅಪರಾಧಿಯೆನಿಸಿದರು. ಕಥೆಯಲ್ಲಿ ನಗೆಯಿಲ್ಲ. ಆದರೆ ತನ್ನ ತಿಳಿವಿನ ಬಗ್ಗೆ ಅವನಿಗಿರುವ ನೆಮ್ಮದಿಯನ್ನು ಎರಡನೆಯ ಸಲ ಓದುವಾಗ, ತುಟಿಯ ಅಂಚಿನಲ್ಲಿ ಕಹಿಯಾದ ಒಂದು ನಗೆ ಮೂಡುತ್ತದೆ. ಕನ್ನಡದ ತರುಣ ನಿರ್ದೇಶಕರು ಕರಾಳ ಹಾಸ್ಯಕ್ಕೆ ಅಮೆರಿಕದ ಸರೋವರದ ತನಕ ಹೋಗಬೇಕಾಗಿಲ್ಲ. ಬೀರೂರಿನಾಚೆ ಅಜ್ಜಂಪುರದಲ್ಲಿ ಇಳಿದರೂ ಸಾಕು.