ತಡವಾಗಿ ಬರುವ ಕಬ್ಬಿಣ

ಮಿದುಳಿನಲ್ಲಿ ರಕ್ತನಾಳ ಒಡೆದು ಲಕ್ವ ಹೊಡೆದಾಗ ಮನೆಯವರ ಮೊದಲ ಪ್ರಶ್ನೆ, ‘ರಕ್ತ ನಿಂತಿತೇ?’ ನಿಂತಿತು ಎಂದರೆ ಅರ್ಧ ಜೀವ ಬಂದಂತೆ. ಆದರೆ ಒಳಗೆ ಹೆಪ್ಪುಗಟ್ಟಿದ ರಕ್ತ ತನ್ನ ಎರಡನೆಯ ಹಾವಳಿ ಶುರುಮಾಡುವುದೇ ಆಮೇಲೆ. ಕೆಂಪು ಕಣಗಳು ದಿನಗಟ್ಟಲೆ, ವಾರಗಟ್ಟಲೆ ಒಡೆಯುತ್ತವೆ. ಹಿಮೋಗ್ಲೋಬಿನ್‌ನಲ್ಲಿದ್ದ ಕಬ್ಬಿಣ ಕಳಚಿಕೊಳ್ಳುತ್ತದೆ. ಸಣ್ಣ ನಿಂಬೆಹಣ್ಣಿನಷ್ಟು, ಅಂದರೆ 30 ಮಿ.ಲೀ. ಹೆಪ್ಪಿನಲ್ಲಿ ಸುಮಾರು 15 ಮಿಲಿಗ್ರಾಂ ಕಬ್ಬಿಣ. ಕರುಳು ಊಟದಿಂದ ಇಡೀ ದಿನ ಹೀರುವುದು ಒಂದೆರಡು ಮಿಲಿಗ್ರಾಂ ಅಷ್ಟೆ.

ಡಬ್ಬಿಯಲ್ಲಿ ಮರೆತ ಕೊಬ್ಬರಿ ಕಮಟು ಹಿಡಿಯುತ್ತದಲ್ಲ, ಈ ಕಬ್ಬಿಣ ನರಕೋಶದ ಪೊರೆಯ ಕೊಬ್ಬಿಗೆ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ತಡೆಯಲು ಗ್ಲುಟಾಥಯೋನ್ ಎಂಬ ಅಣು ಮತ್ತು ಜಿಪಿಎಕ್ಸ್4 ಎಂಬ ಕಿಣ್ವದ ಕಾವಲಿದೆ. ಕಾವಲು ಸೋತರೆ ಕೋಶ ಸಾಯುತ್ತದೆ. ಕ್ಯಾನ್ಸರ್ ಕೋಶಗಳಲ್ಲಿ ಈ ಬಗೆಯ ಸಾವನ್ನು ಗುರುತಿಸಿದ ಕೊಲಂಬಿಯಾ ವಿಶ್ವವಿದ್ಯಾಲಯದ ಬ್ರೆಂಟ್ ಸ್ಟಾಕ್‌ವೆಲ್ ತಂಡ 2012ರಲ್ಲಿ ಇದಕ್ಕೆ ‘ಫೆರಾಪ್ಟೋಸಿಸ್’ ಎಂದು ಹೆಸರಿಟ್ಟಿತು. ಮಿದುಳಿನಲ್ಲಿ ರಕ್ತಸ್ರಾವವಾದ ಇಲಿಗಳಿಗೆ ಈ ಸಾವನ್ನು ತಡೆಯುವ ಫೆರೋಸ್ಟ್ಯಾಟಿನ್-1 ಎಂಬ ವಸ್ತು ಕೊಟ್ಟಾಗ ಹಾನಿ ಇಳಿಯಿತು.

ಮನುಷ್ಯರ ಮಾತು ಬೇರೆ. ಥಲಸೀಮಿಯಾ ರೋಗಿಗಳಿಗೆ ದಶಕಗಳಿಂದ ಕೊಡುತ್ತಿರುವ, ಕಬ್ಬಿಣವನ್ನು ಕಟ್ಟಿ ಹೊರಹಾಕುವ ಡೆಫರಾಕ್ಸಮೈನ್ ಔಷಧವನ್ನು ಅಮೆರಿಕ, ಕೆನಡಾದ ಆಸ್ಪತ್ರೆಗಳಲ್ಲಿ ಮಿದುಳಿನ ರಕ್ತಸ್ರಾವವಾದವರ ಮೇಲೆ ಪರೀಕ್ಷಿಸಿದರು. 2019ರಲ್ಲಿ ಫಲಿತಾಂಶ ಬಂತು: 90ನೇ ದಿನ ಚೆನ್ನಾಗಿ ಚೇತರಿಸಿಕೊಂಡಿದ್ದವರು ಔಷಧ ಪಡೆದವರಲ್ಲಿ 34%, ಪಡೆಯದವರಲ್ಲಿ 33%. ಕಬ್ಬಿಣದ ಕಥೆ ಮುಗಿಯಿತು ಎಂದು ಕೈತೊಳೆದುಕೊಳ್ಳುವುದು ಸುಲಭ. ನಮಗೆ ಹಾಗನ್ನಿಸುವುದಿಲ್ಲ. ಔಷಧ ಕೊಟ್ಟದ್ದು ಮೂರೇ ದಿನ. ಕಬ್ಬಿಣ ಸೋರುವುದು ವಾರಗಟ್ಟಲೆ. ಮಳೆಗಾಲಕ್ಕೆ ಮೂರು ದಿನ ಕೊಡೆ ಹಿಡಿದು, ಕೊಡೆಯೇ ದಂಡ ಎಂದಂತಾಯಿತು. ಮುಂದಿನ ಪರೀಕ್ಷೆ ಆ ಕಬ್ಬಿಣದ ಪಂಚಾಂಗ ನೋಡಿ ನಡೆಯಬೇಕು. ಕಬ್ಬಿಣ ಹಿಡಿಯುವುದರ ಬದಲು ಕೊಬ್ಬು ಕೆಡದಂತೆ ತಡೆಯುವ ದಾರಿಯೂ ಇದೆ. ಅದಕ್ಕೆ ಇನ್ನೂ ಮಾನ್ಯತೆ ಪಡೆದ ಔಷಧವಿಲ್ಲ.

ಇದನ್ನೆಲ್ಲ ಓದಿ ಯಾರೂ ರಾಗಿ ಮುದ್ದೆ, ಸೊಪ್ಪು ಬಿಡಬೇಕಾಗಿಲ್ಲ. ರಕ್ತಹೀನತೆಗೆ ವೈದ್ಯರು ಕೊಟ್ಟ ಮಾತ್ರೆಯನ್ನಂತೂ ಬಿಡಲೇಬಾರದು. ಕೊಲ್ಲುವುದು ತಟ್ಟೆಯ ಕಬ್ಬಿಣವಲ್ಲ, ಹೆಪ್ಪಿನದು. ಈ ಲಕ್ವಕ್ಕೆ ಸದ್ಯ ಕೈಯಲ್ಲಿರುವ ಮದ್ದು ಹಳೆಯದೇ. ಭಾರತವೂ ಸೇರಿ ಹತ್ತು ದೇಶಗಳಲ್ಲಿ 7,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚೇತರಿಕೆ ಉತ್ತಮಗೊಂಡದ್ದು ಒಂದು ಗಂಟೆಯೊಳಗೆ ಬಿ.ಪಿ.ಯನ್ನು 140ರ ಕೆಳಗೆ ತರುವುದು, ಸಕ್ಕರೆ ಮತ್ತು ಜ್ವರವನ್ನು ಹತೋಟಿಯಲ್ಲಿಡುವುದು, ರಕ್ತ ತೆಳುಮಾಡುವ ಮಾತ್ರೆಯ ಪ್ರಭಾವವನ್ನು ಇಳಿಸುವುದು, ಇವಿಷ್ಟರಿಂದ.