ಬಾಗಿಲ ಹಿಂದಿನ ಹಾಳೆ

ಮಗನೋ ಮಗಳೋ ಮೆಲ್ಬರ್ನ್‌ನಲ್ಲಿ ಓದುತ್ತಿದ್ದರೆ, ನೋಡಿಕೊಂಡು ಬರಲು ಹೋದ ತಂದೆ ತಾಯಿಗೆ ಒಂದು ಪ್ರವಾಸವಂತೂ ತಪ್ಪದು. ಅದು ಗ್ರೇಟ್ ಓಶನ್ ರೋಡ್. ವಿಕ್ಟೋರಿಯಾ ರಾಜ್ಯದ ದಕ್ಷಿಣ ಕರಾವಳಿಯ ಉದ್ದಕ್ಕೂ, ಟಾರ್ಕಿಯಿಂದ ಆಲನ್ಸ್‌ಫರ್ಡ್‌ವರೆಗೆ ಸುಮಾರು 240 ಕಿಲೋಮೀಟರ್ ಸಾಗುವ ರಸ್ತೆ ಇದು. ಮೊದಲ ಮಹಾಯುದ್ಧದಿಂದ ಮರಳಿ ಬಂದ ಸೈನಿಕರು, ಮಡಿದ ಗೆಳೆಯರ ನೆನಪಿಗಾಗಿ, 1919ರಿಂದ 1932ರವರೆಗೆ ಗುದ್ದಲಿ ಪಿಕಾಸಿಗಳಿಂದಲೇ ಬಹುಪಾಲು ಕಡಿದು ಮಾಡಿದ್ದು. ಮೆಲ್ಬರ್ನ್ ಕಡೆಯಿಂದ ಹೋಗುವವರಿಗೆ ಕಡಲು ಎಡಗಡೆ. ಅಲ್ಲಿಯೂ ವಾಹನಗಳು ರಸ್ತೆಯ ಎಡಬದಿಯಲ್ಲೇ ಓಡುವುದರಿಂದ, ಕಿಟಕಿಯ ಪಕ್ಕ ಕುಳಿತ ತಾಯಿಗೆ ನೀರಿಗೂ ತನಗೂ ನಡುವೆ ಏನೂ ಇಲ್ಲವೆನ್ನಿಸುತ್ತದೆ.

ಒಂದೇ ದಿನದಲ್ಲಿ ಹೋಗಿ ಬರುವವರು ಉಂಟು. ಆದರೆ ತಿರುವುಗಳ ದಾರಿ, ಮುಸ್ಸಂಜೆಯಾದರೆ ರಸ್ತೆಗೆ ಹಾರುವ ಕಾಂಗರೂಗಳು. ಇವನ್ನೆಲ್ಲ ಲೆಕ್ಕ ಹಾಕಿದರೆ ಒಂದು ರಾತ್ರಿ ತಂಗುವುದೇ ಮೇಲು. ಲಾರ್ನ್, ಅಪೊಲೊ ಬೇ, ಪೋರ್ಟ್ ಕ್ಯಾಂಪ್‌ಬೆಲ್‌ನಂಥ ಪುಟ್ಟ ಊರುಗಳಲ್ಲಿ ಕೈಗೆಟುಕುವ ಬೆಲೆಗೆ ಸಿಗುವ ವಸತಿಗೆ ಅಲ್ಲಿನವರ ಹೆಸರು ‘ಮೋಟರ್ ಇನ್’.

ಮೋಟರ್ ಮತ್ತು ಹೋಟೆಲ್ ಎಂಬ ಎರಡು ಪದಗಳನ್ನು ಬೆಸೆದು ‘ಮೋಟೆಲ್’ ಎಂಬ ಹೆಸರಿಟ್ಟದ್ದು 1925ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿ ಒಬಿಸ್ಪೊ ಎಂಬ ಊರಿನಲ್ಲಿ. ಕಾರು ಮಧ್ಯಮ ವರ್ಗದ ಮನೆಗೆ ಬಂದ 1950ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲೂ ಅದು ಹಬ್ಬಿತು. ಮೋಟರ್ ಇನ್ ಅದರದೇ ಇನ್ನೊಂದು ಹೆಸರು. ಒಂದೋ ಎರಡೋ ಅಂತಸ್ತಿನ ಕಟ್ಟಡ, ನಡುವೆ ಅಂಗಳ, ಕೋಣೆಯ ಬಾಗಿಲ ಎದುರಿಗೇ ಕಾರು ನಿಲ್ಲಿಸಲು ಗೆರೆ. ಡಿಕ್ಕಿ ತೆರೆದು ನಾಲ್ಕು ಹೆಜ್ಜೆ ಇಟ್ಟರೆ ಮಂಚ.

ಊರಿನ ಲಾಡ್ಜ್‌ಗಳನ್ನು ಕಂಡವರಿಗೆ ಇಲ್ಲಿ ಮೊದಲು ಕಾಣುವುದು ಒಂದು ಕೊರತೆ. ಪೆಟ್ಟಿಗೆ ಎತ್ತಿಕೊಳ್ಳಲು ಓಡಿಬರುವ ಹುಡುಗನಿಲ್ಲ. ‘ಬಿಸಿನೀರು ಎಷ್ಟು ಗಂಟೆಗೆ?’ ಎಂದು ಕೇಳಲು ರೂಂಬಾಯ್ ಇಲ್ಲ. ಸಂಜೆಯ ನಂತರ ಅನೇಕ ಕಡೆ ಕಚೇರಿಯ ಬಾಗಿಲೂ ಮುಚ್ಚಿರುತ್ತದೆ. ತಡವಾಗಿ ಬರುವವರ ಬೀಗದ ಕೈ ಗೋಡೆಯ ಒಂದು ಸಣ್ಣ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ತೆರೆಯುವ ಅಂಕಿ ಮೊದಲೇ ಕಳಿಸಿದ ಪತ್ರದಲ್ಲಿ. ಕೋಣೆಯೊಳಗೆ ಕೆಟಲ್, ಟೀ ಚೀಲಗಳು, ಹಾಲು, ಪುಟ್ಟ ಫ್ರಿಜ್, ಇಸ್ತ್ರಿಪೆಟ್ಟಿಗೆ. ಕೆಲವು ಹಳೆಯ ಮೋಟೆಲ್‌ಗಳಲ್ಲಿ ಗೋಡೆಗೊಂದು ಚಿಕ್ಕ ಕಿಂಡಿಯಿರುತ್ತದೆ. ಬೆಳಗಿನ ತಿಂಡಿಗೆ ಏನು ಬೇಕೆಂದು ರಾತ್ರಿಯೇ ಚೀಟಿ ತುಂಬಿ ಕೊಟ್ಟರೆ, ಹೇಳಿದ ಹೊತ್ತಿಗೆ ತಟ್ಟೆ ಆ ಕಿಂಡಿಯಿಂದ ಒಳಗೆ ಬರುತ್ತದೆ. ತಂದವರ ಮುಖವೂ ಕಾಣದು.

ಇಲ್ಲಿ ಬಾಯಿಬಿಟ್ಟು ಹೇಳುವವರಿಲ್ಲ, ಆದರೆ ಹೇಳದೇ ಬಿಟ್ಟದ್ದು ಕಡಿಮೆ. ಎಲ್ಲವೂ ಬರೆದಿದೆ. ಬಾಗಿಲ ಹಿಂದೆ ಅಂಟಿಸಿದ ಹಾಳೆಯಲ್ಲಿ, ಮೇಜಿನ ಮೇಲಿನ ಕಡತದಲ್ಲಿ, ಬುಕಿಂಗ್ ಪತ್ರದ ಕೊನೆಯ ಪುಟದಲ್ಲಿ. ‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಗಾದೆಯನ್ನು ಎರಡು ಬೇರೆ ಬೇರೆ ಕೆಲಸಗಳೆಂದು ತಿಳಿಯುವುದು ರೂಢಿ. ಇಂಥ ಕಡೆ ಓದದೆ ಸುತ್ತುವುದೇ ಕಷ್ಟ.

ಓದದಿದ್ದರೆ ಆಗುವ ಚಿಕ್ಕಪುಟ್ಟ ಫಜೀತಿಗಳು ಹಲವು. ಇಬ್ಬರ ಹೆಸರಿನಲ್ಲಿ ಪಡೆದ ಕೋಣೆಗೆ ಗೆಳೆಯರೆಂದು ಆರು ಮಂದಿ ನುಗ್ಗಿದರೆ ಹೆಚ್ಚಿನ ಬಾಡಿಗೆ ತೆರಬೇಕು, ಇಲ್ಲವೇ ಹೊರಗೆ ನಡೆಯಬೇಕು. ಬೆಳಿಗ್ಗೆ 10 ಗಂಟೆಗೆ ಕೋಣೆ ಬಿಡಬೇಕೆಂದಿದ್ದರೆ ಹತ್ತಕ್ಕೇ ಬಿಡಬೇಕು. ಎಲ್ಲಕ್ಕಿಂತ ಸಾಮಾನ್ಯವಾದದ್ದು ಒಗ್ಗರಣೆ. ಅಡುಗೆಗೆ ಅವಕಾಶವಿಲ್ಲದ ಕೋಣೆಯಲ್ಲಿ, ಊರಿನಿಂದ ತಂದ ಪುಟ್ಟ ವಿದ್ಯುತ್ ಒಲೆಯ ಮೇಲೆ ಸಾಸಿವೆ, ಒಣಮೆಣಸಿನಕಾಯಿ ಸಿಡಿದವೆನ್ನಿ. ಚಾವಣಿಯ ಹೊಗೆ ಸೂಚಕ ಕಿರುಚತೊಡಗುತ್ತದೆ. ಬೆಳಗಿನ ಊದುಬತ್ತಿಗೂ ಅದೇ ಗತಿ. ಆ ಗಂಟೆ ನೇರವಾಗಿ ಅಗ್ನಿಶಾಮಕ ದಳಕ್ಕೆ ಜೋಡಿಸಿರುವ ಕಡೆ ವಾಹನ ಬಂದೇ ಬರುತ್ತದೆ. ಬಂದ ಖರ್ಚನ್ನು ತಂಗಿದವರಿಂದಲೇ ವಸೂಲು ಮಾಡುತ್ತೇವೆಂದು ಅದೇ ಹಾಳೆಯಲ್ಲಿ ಅನೇಕ ಕಡೆ ಬರೆದಿರುತ್ತದೆ. ಉಪ್ಪಿಟ್ಟಿನ ಬೆಲೆ ನೂರಾರು ಡಾಲರ್ ಆದೀತು.

ಇವೆಲ್ಲ ಹಣದ ಮಾತು. ಕೋಣೆಯಿಂದ ಹೊರಬಂದು ಮರಳಿನ ಮೇಲೆ ಕಾಲಿಟ್ಟಾಗ ಮಾತು ಪ್ರಾಣದ್ದಾಗುತ್ತದೆ. ಅಲ್ಲಿಯೂ ಹೇಳುವುದು ಬೋರ್ಡು ಮತ್ತು ಬಾವುಟ.

ಆಸ್ಟ್ರೇಲಿಯಾದ ಕಡಲತೀರಗಳಲ್ಲಿ ಮೇಲರ್ಧ ಕೆಂಪು, ಕೆಳಗರ್ಧ ಹಳದಿಯ ಎರಡು ಬಾವುಟಗಳನ್ನು ನೆಟ್ಟಿದ್ದರೆ, ಅವೆರಡರ ನಡುವೆ ಜೀವರಕ್ಷಕರ ಕಾವಲಿದೆ ಎಂದರ್ಥ. ನೀರಿಗಿಳಿಯುವುದು ಅವುಗಳ ನಡುವೆ ಮಾತ್ರ. ಕಾವಲಿನ ಅವಧಿ ಮುಗಿದೊಡನೆ ಬಾವುಟ ಕೀಳುತ್ತಾರೆ. ಬಾವುಟವಿಲ್ಲದ ತೀರಗಳೇ ಹೆಚ್ಚು; ಅಲ್ಲಿ ನೀರಿಗಿಳಿಯದಿರುವುದೇ ಸರಿ.

ಭಯ ಇರುವುದು ಅಲೆಗಿಂತ ಹೆಚ್ಚಾಗಿ ಸೆಳವಿನದು. ದಡಕ್ಕೆ ಅಪ್ಪಳಿಸಿದ ನೀರು ಹಿಂದಕ್ಕೆ ಹೋಗಲು ಒಂದು ಓಣಿ ಮಾಡಿಕೊಳ್ಳುತ್ತದೆ. ಆ ಓಣಿಯಲ್ಲಿ ನೀರು ಆಳ. ಆದ್ದರಿಂದ ಅಲ್ಲಿ ಅಲೆ ಹೆಚ್ಚು ಒಡೆಯುವುದಿಲ್ಲ, ಬಣ್ಣ ಕೊಂಚ ಕಪ್ಪು. ಅಕ್ಕಪಕ್ಕ ನೊರೆಯೆದ್ದು ಭೋರ್ಗರೆಯುತ್ತಿರುವಾಗ ನಡುವಿನ ಈ ಶಾಂತವಾದ ಜಾಗವೇ ಹೊಸಬರಿಗೆ ಒಳ್ಳೆಯದಾಗಿ ಕಾಣುತ್ತದೆ. ಇಳಿದವರನ್ನು ಅದು ಕಡಲಿನ ಕಡೆಗೆ ಒಯ್ಯುತ್ತದೆ. ಎಲ್ಲರೂ ಹೆದರುವ ಶಾರ್ಕ್‌ಗಳಿಗಿಂತ ಈ ಸೆಳವು ಅಲ್ಲಿ ಹೆಚ್ಚು ಜೀವ ತೆಗೆದಿದೆ.

2024ರ ಜನವರಿ 24ರಂದು, ಅದೇ ವಿಕ್ಟೋರಿಯಾದ ಫಿಲಿಪ್ ದ್ವೀಪದಲ್ಲಿ, ಫಾರೆಸ್ಟ್ ಕೇವ್ಸ್ ಎಂಬ ಕಾವಲಿಲ್ಲದ ತೀರದಲ್ಲಿ ಭಾರತ ಮೂಲದ ನಾಲ್ವರು ನೀರುಪಾಲಾದರು. ಅದೇ ವರ್ಷ ಡಿಸೆಂಬರ್ 10ರಂದು ನಮ್ಮ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡರು. ದೇಶ ಬೇರೆಯಾದರೂ ಕಡಲಿನ ಗುಣ ಒಂದೇ.

‘ಸಮುದ್ರದವರೆಗೆ ಬಂದು ಕಾಲಾದರೂ ತೊಳೆಯದೆ ಹೋಗುವುದೆ?’ ಎನ್ನುವ ತಾಯಿ, ಬಾವಿಯಲ್ಲಿ ಹಾರಿ ಈಜು ಕಲಿತ ತಂದೆ, ಇಬ್ಬರೂ ತಿಳಿಯಬೇಕಾದ್ದು ಇದನ್ನೇ. ಬಾವಿಯ ನೀರು ನಿಂತ ನೀರು. ಅಲ್ಲಿನ ಈಜು ಇಲ್ಲಿಗೆ ಸಾಲದು. ಮೊಣಕಾಲವರೆಗಿನ ನೀರೂ ಒಂದು ದೊಡ್ಡ ಅಲೆ ಬಂದರೆ ಸೊಂಟದವರೆಗೆ ಏರುತ್ತದೆ; ನೆನೆದ ಸೀರೆ ಕಾಲನ್ನು ಕಟ್ಟಿಹಾಕುತ್ತದೆ.

ಸೆಳವಿಗೆ ಸಿಕ್ಕವರು ಅದಕ್ಕೆ ಎದುರಾಗಿ ದಡದತ್ತ ಈಜಿದರೆ ಸೋಲುತ್ತಾರೆ. ಗಾಬರಿಯಾಗದೆ ತೇಲಬೇಕು, ಒಂದು ಕೈ ಎತ್ತಿ ಕೂಗಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ದಡದಲ್ಲಿದ್ದವರು ಪ್ರೀತಿಯ ಭರದಲ್ಲಿ ಹಿಂದೆಯೇ ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರು ಮುಳುಗುವುದು ಇಂಥ ಅವಘಡಗಳಲ್ಲಿ ಮತ್ತೆ ಮತ್ತೆ ಆಗುವಂಥದ್ದು. ತೇಲುವ ವಸ್ತು ಏನಿದೆಯೋ ಅದನ್ನು ಎಸೆದು, ಜೀವರಕ್ಷಕರನ್ನು ಕೂಗಿ, 000ಗೆ ಫೋನ್ ಮಾಡಬೇಕು.

ಕಡಲಂಚಿನ ಬಂಡೆಗಳ ಬೇಲಿಗೂ ಇದೇ ಮಾತು. ಅಲ್ಲಿನದು ಮೆತ್ತನೆಯ ಸುಣ್ಣಕಲ್ಲು. ಪೋರ್ಟ್ ಕ್ಯಾಂಪ್‌ಬೆಲ್ ಬಳಿ ಸೇತುವೆಯಂತೆ ಕಡಲೊಳಗೆ ಚಾಚಿದ್ದ ‘ಲಂಡನ್ ಬ್ರಿಜ್’ ಬಂಡೆಯ ಒಂದು ಕಮಾನು 1990ರ ಜನವರಿ 15ರಂದು ಕುಸಿಯಿತು. ಆಚೆ ಸಿಕ್ಕಿಕೊಂಡ ಇಬ್ಬರು ಪ್ರವಾಸಿಗರನ್ನು ಹೆಲಿಕಾಪ್ಟರ್ ತಂದು ಇಳಿಸಬೇಕಾಯಿತು. 2005ರ ಜುಲೈನಲ್ಲಿ ‘ಟ್ವೆಲ್ವ್ ಅಪಾಸಲ್ಸ್’ ಕಂಬಗಳಲ್ಲೊಂದು ಕಣ್ಣೆದುರೇ ಪುಡಿಯಾಗಿ ಬಿತ್ತು. ಫೋಟೋಕ್ಕಾಗಿ ಬೇಲಿ ದಾಟುವವರ ಕಾಲಡಿಯ ಕಲ್ಲೂ ಅದೇ ಜಾತಿಯದು.

ಇಲ್ಲಿ ವಿದ್ಯಾರ್ಥಿಗಳ ಪಾತ್ರ ದೊಡ್ಡದು. ಹಾಳೆ, ಬೋರ್ಡು ಎಲ್ಲ ಇಂಗ್ಲಿಷಿನಲ್ಲಿ. ಅಮ್ಮನಿಗೆ ಅದು ಓದಲು ಬಾರದಿರಬಹುದು, ಅಪ್ಪನಿಗೆ ಓದುವ ತಾಳ್ಮೆ ಇಲ್ಲದಿರಬಹುದು. ಓದಿ ಕನ್ನಡದಲ್ಲಿ ಹೇಳುವುದು ಮಕ್ಕಳ ಕೆಲಸ. ಆದರೆ ಬಹಳ ದಿನಗಳ ಮೇಲೆ ಬಂದ ಹೆತ್ತವರಿಗೆ ‘ಬೇಡ’ ಎನ್ನಲು ಮಕ್ಕಳಿಗೆ ಸಂಕೋಚ. ಎತ್ತಿ ಆಡಿಸಿದ ಮಕ್ಕಳ ಬಾಯಲ್ಲಿ ‘ಬೇಡ’ ಕೇಳಲು ಹೆತ್ತವರಿಗೆ ಬೇಸರ. ಒಂದು ಕಾಲಕ್ಕೆ ರಸ್ತೆ ದಾಟುವಾಗ ಮಗುವಿನ ಕೈ ಹಿಡಿದವರು ಈಗ ತಮ್ಮ ಕೈಯನ್ನು ಮಗುವಿಗೆ ಕೊಡಬೇಕು. ಅದರಲ್ಲಿ ದೊಡ್ಡತನಕ್ಕೇನೂ ಕುಂದಿಲ್ಲ.

ಹೆಚ್ಚೇನೂ ಬೇಕಿಲ್ಲ. ಕೋಣೆಗೆ ಬಂದು ಕೆಟಲ್‌ನಲ್ಲಿ ನೀರು ಕಾಯುವಷ್ಟರಲ್ಲಿ ಆ ಹಾಳೆಯನ್ನು ಒಮ್ಮೆ ಗಟ್ಟಿಯಾಗಿ ಓದಿಬಿಡಬಹುದು. ನಾಳೆ ಹೋಗುವ ತೀರಕ್ಕೆ ಕಾವಲು ಇದೆಯೇ, ಎಷ್ಟು ಗಂಟೆಯವರೆಗೆ ಎಂದು ಕಚೇರಿ ಮುಚ್ಚುವ ಮೊದಲೇ ಕೇಳಿಕೊಳ್ಳಬಹುದು. ಆಮೇಲೆ ಚಹಾದ ಲೋಟ ಹಿಡಿದು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಮೂವರೂ ಕೂತರೆ, ಕಡಲನ್ನು ಅಲ್ಲಿಂದಲೇ ಎಷ್ಟು ಹೊತ್ತಾದರೂ ನೋಡಬಹುದು.