ತೆರಿಗೆ ಇಳಿಯಿತು, ಗುಣಮಟ್ಟ?

ತಿನ್ನುವ ಮುನ್ನ ಬಿಸಿ ಮಾಡಬೇಕು, ಹಾಗಾಗಿ ಪ್ಯಾಕೆಟ್ ಪರೋಟ ರೊಟ್ಟಿಯಲ್ಲ! 2020ರಲ್ಲಿ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ ಹೀಗೆ ಹೇಳಿ, ಶೇ 18ರ ತೆರಿಗೆ ಅನ್ವಯಿಸಿತ್ತು. 2025ರ ಸೆಪ್ಟೆಂಬರ್ 22ರಿಂದ ಪರೋಟಕ್ಕೆ ತೆರಿಗೆಯೇ ಇಲ್ಲ. ವೈಟ್‌ಫೀಲ್ಡ್‌ನಲ್ಲಿ ರಾತ್ರಿ ಪಾಳಿ ಮುಗಿಸಿ ಸಮೇತನಹಳ್ಳಿಗೆ ಮರಳುವ ಯುವಕರಿಗೆ ಇದು ಸಿಹಿಸುದ್ದಿಯೇ.

ಆದರೆ ಗುಣಮಟ್ಟದ ಗತಿ? ಫ್ರೋಜನ್ ಆಹಾರ ಮೈನಸ್ 18 ಡಿಗ್ರಿಯಲ್ಲಿರಬೇಕು. ಗಂಟೆಗಟ್ಟಲೆ ಕರೆಂಟ್ ಹೋದರೆ ಅಂಗಡಿಯ ಫ್ರೀಜರ್‌ನಲ್ಲಿರುವುದು ಕರಗಿ, ಮತ್ತೆ ಹೆಪ್ಪುಗಟ್ಟುತ್ತದೆ. ರುಚಿ ಕೆಡುವುದು ಅಲ್ಲೇ. ಪ್ಯಾಕೆಟ್ ಮೇಲಿನ ದಿನಾಂಕ ಇದನ್ನು ಹೇಳುವುದಿಲ್ಲ. ಒಳಗಿನ ಐಸ್ ಹರಳು, ಒಂದಕ್ಕೊಂದು ಅಂಟಿದ ಪರೋಟ ಹೇಳುತ್ತವೆ. ಕೊಳ್ಳುವ ಮುನ್ನ ಮುಟ್ಟಿ ನೋಡೋಣ. ಆಹಾರ ಸುರಕ್ಷತಾ ಅಧಿಕಾರಿಗಳು ಹಳ್ಳಿ ಅಂಗಡಿಗಳ ಫ್ರೀಜರ್‌ಗಳನ್ನೂ ತೆರೆದು ನೋಡಲಿ.